ಡಿಎನ್‌ಎ ಸಿಕ್ಕರೆ ಸಾಕು, ಆಕಾರ ತಾಳುತ್ತದೆ ಈ ತುಂಡು!

ನೀರಿನಲ್ಲಿ ಬಿಟ್ಟರೆ ಅದಕ್ಕೊಂದು ನೆಟ್ಟಗಿನ ರೂಪವೇ ಇಲ್ಲ. ಈ ಕ್ಷಣ ಇದ್ದಂತೆ ಮರುಕ್ಷಣ ಇರುವುದಿಲ್ಲ, ಬಳುಕುತ್ತಲೇ ಇರುತ್ತದೆ. ಅದಕ್ಕೆ ತನ್ನ ಡಿಎನ್‌ಎ ಸಿಕ್ಕಿತೋ, ನೋಡಿ ಚಮತ್ಕಾರ! ಸುರುಳಿ ಸುತ್ತಿಕೊಂಡು, ಡಿಎನ್‌ಎಯ ಅಗಲವಾದ ಕೊರಕಲಿನಲ್ಲಿ ಅಳತೆ ತೆಗೆದು ಮಾಡಿಸಿದ ಹಾಗೆ ಕೂತುಬಿಡುತ್ತದೆ.

ಇದು ಜಿಸಿಎನ್‌4 ಎಂಬ ಪ್ರೋಟೀನಿನ ಚೂರು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಅದೇ ಯೀಸ್ಟಿನದು. ಅಮೈನೋ ಆಮ್ಲಗಳಿಗೆ ಬರ ಬಂದಾಗ ಅವನ್ನು ತಯಾರಿಸುವ ಜೀನ್‌ಗಳನ್ನು ಎಬ್ಬಿಸುವುದು ಜಿಸಿಎನ್‌4ರ ಉದ್ಯೋಗ. ಇಡೀ ಪ್ರೋಟೀನಿನ ಉದ್ದ 281 ಅಮೈನೋ ಆಮ್ಲ. 1990ರಲ್ಲಿ ಅಮೆರಿಕದ ವೈಟ್‌ಹೆಡ್ ಸಂಸ್ಥೆಯ ಪೀಟರ್ ಕಿಮ್ ಮತ್ತು ಸಂಗಡಿಗರು ಡಿಎನ್‌ಎ ಮುಟ್ಟುವ ಭಾಗವನ್ನಷ್ಟೇ ಉಳಿಸಿಕೊಂಡು 34 ಅಮೈನೋ ಆಮ್ಲಗಳ ಪೆಪ್ಟೈಡ್ ಮಾಡಿದರು. ನಿಜ ಪ್ರೋಟೀನಿನಲ್ಲಿ ಎರಡು ಪ್ರತಿಗಳನ್ನು ಲ್ಯೂಸಿನ್ ಜಿಪ್ಪರ್ ಜೋಡಿಸಿ ಹಿಡಿದಿರುತ್ತದೆ. ಅದನ್ನೂ ಕಿತ್ತುಹಾಕಿ ಒಂದು ಗಂಧಕದ ಬಂಧದಿಂದ ಜೋಡಿಯನ್ನು ಕಟ್ಟಿದರು. ಇಷ್ಟು ಕಡಿದ ಮೇಲೆ ಗುರುತು ಹಿಡಿದೀತೇ? ಹಿಡಿಯಿತು!

ಅದು ಹುಡುಕುವುದು ಎಟಿಜಿಎಸಿಟಿಸಿಎಟಿ ಎಂಬ ಒಂಬತ್ತು ಅಕ್ಷರಗಳ ಸಾಲು. ನಾಲ್ಕೇ ಅಕ್ಷರಗಳಿಂದ ಇಂಥ ಸಾಲುಗಳನ್ನು 2,62,144 ಬಗೆಯಲ್ಲಿ ಬರೆಯಬಹುದು. ಡಿಎನ್‌ಎಯ ಎಳೆಗಳನ್ನು ಬಿಚ್ಚದೆ, ಹೊರಗಿನಿಂದಲೇ ಅದು ಓದುವುದಾದರೂ ಹೇಗೆ?

ಡಿಎನ್‌ಎಯ ಬೆನ್ನಿನ ಫಾಸ್ಫೇಟ್‌ಗಳದ್ದು ಋಣ ವಿದ್ಯುತ್ತು, ಪೆಪ್ಟೈಡಿನ ಅರ್ಜಿನಿನ್, ಲೈಸಿನ್‌ಗಳದ್ದು ಧನ. ಸೆಳೆತ ಅಲ್ಲಿಂದ. ಆದರೆ ಆ ಸೆಳೆತ ಯಾವ ಡಿಎನ್‌ಎಗಾದರೂ ಇದ್ದದ್ದೇ. ನಿಜವಾದ ಓದು ನಡೆಯುವುದು ಕೊರಕಲಿನೊಳಗೆ, ಬೇಸ್‌ಗಳ, ಅಂದರೆ ಆ ಅಕ್ಷರಗಳ, ಅಂಚುಗಳು ಇಣುಕುವಲ್ಲಿ. 1992ರಲ್ಲಿ ಟಾಮ್ ಎಲೆನ್‌ಬರ್ಗರ್, ಸ್ಟೀಫನ್ ಹ್ಯಾರಿಸನ್ ಮತ್ತು ಸಂಗಡಿಗರು ಜಿಸಿಎನ್‌4ರ ಡಿಎನ್‌ಎ ಹಿಡಿಯುವ ಭಾಗವನ್ನು ಡಿಎನ್‌ಎ ಜೊತೆಗೇ ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸಿ ನೋಡಿದಾಗ ಎಲ್ಲವೂ ಬಯಲಾಯಿತು. ಇಡೀ ಪ್ರೋಟೀನಿನ ಎಣಿಕೆಯಲ್ಲಿ 235ನೇ ಜಾಗದ ಆಸ್ಪರಜಿನ್ ಒಂದು ಥೈಮಿನ್, ಒಂದು ಸೈಟೋಸಿನ್ ಎರಡಕ್ಕೂ ಒಟ್ಟಿಗೇ ಹೈಡ್ರೋಜನ್ ಬಂಧ ಹಾಕಿಕೊಂಡಿದೆ! ಪಕ್ಕದ ಅಲನಿನ್‌ಗಳು ಥೈಮಿನ್‌ನ ಮೀಥೈಲ್ ಗುಂಪಿಗೆ ಒತ್ತಿ ಕೂತಿವೆ. ಎರಡು ಸುರುಳಿಗಳೂ ಸಾಲನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಒಂಬತ್ತು ಬೆಸ ಸಂಖ್ಯೆ ತಾನೆ, ನಟ್ಟನಡುವಿನ ಬೇಸ್ ಜೋಡಿ ಯಾರ ಪಾಲಿಗೆ? ಒಂದು ಸುರುಳಿಯ ಅರ್ಜಿನಿನ್ ಅಲ್ಲಿನ ಗ್ವಾನಿನ್ ಹಿಡಿದರೆ, ಇನ್ನೊಂದರ ಅರ್ಜಿನಿನ್ ಫಾಸ್ಫೇಟಿಗೇ ತೃಪ್ತಿಪಟ್ಟಿದೆ. ನನಗೆ ಇಡೀ ಕತೆಯಲ್ಲಿ ಅತಿ ಇಷ್ಟವಾದ ವಿವರ ಇದು.

ಪಠ್ಯಪುಸ್ತಕದ ಬೀಗ–ಕೀಲಿಕೈ ಹೋಲಿಕೆ ಇಲ್ಲಿ ನಡೆಯುವುದಿಲ್ಲ. ಬೀಗದೊಳಗೆ ಹೋದ ಮೇಲೆ ತಾನೇ ಹಲ್ಲು ಮೂಡಿಸಿಕೊಳ್ಳುವ ಕೀಲಿಕೈ ಇದು! 1992ರಲ್ಲೇ ಕಿಮ್ ಗುಂಪು ಪೆಪ್ಟೈಡನ್ನು ಇನ್ನೂ ಕತ್ತರಿಸಿ ಸುಮಾರು 20 ಅಮೈನೋ ಆಮ್ಲಕ್ಕೆ ಇಳಿಸಿತು. ಆಗಲೂ ಅದು ತನ್ನ ಸಾಲನ್ನು ಮರೆಯಲಿಲ್ಲ.

ಇದು ಯೀಸ್ಟಿನ ಖಾಸಗಿ ವಿದ್ಯೆ ಅಂದುಕೊಳ್ಳಬೇಡಿ. ಕೋಳಿಗೆ ಗಂತಿ ತರುವ ವೈರಸ್ಸೊಂದರ ಜುನ್ ಪ್ರೋಟೀನಿನಿಂದ ಡಿಎನ್‌ಎ ಹಿಡಿಯುವ ಭಾಗವನ್ನು ತೆಗೆದು ಜಿಸಿಎನ್‌4ಗೆ ಕೂಡಿಸಿದರೆ, ಯೀಸ್ಟಿನಲ್ಲಿ ಅದು ಸಲೀಸಾಗಿ ಕೆಲಸ ಮಾಡಿತು. ಕೆವಿನ್ ಸ್ಟ್ರೂಲ್ ಇದನ್ನು 1987ರಲ್ಲೇ ತೋರಿಸಿದ್ದರು. ನಮ್ಮ ಜೀವಕೋಶಗಳಲ್ಲೂ ಜುನ್ ಇದೆ, ಹೆಚ್ಚುಕಡಿಮೆ ಅದೇ ಸಾಲನ್ನು ಹುಡುಕುತ್ತಿದೆ.

1992ರ ಆ ಹರಳಿನ ರಚನೆ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಜಾಲತಾಣದಲ್ಲಿ 1ವೈಎಸ್‌ಎ ಎಂಬ ಗುರುತಿನಲ್ಲಿದೆ. ಕಾಸು ಕೊಡಬೇಕಿಲ್ಲ. ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಪಕ್ಕಕ್ಕೆ ಕೂರಿಸಿಕೊಂಡು, ಪರದೆಯ ಮೇಲೆ ಅದನ್ನು ತಿರುಗಿಸಿ ಒಮ್ಮೆ ನೋಡಿ.