ನೆಲದಡಿ 25 ಮೀಟರ್ ಆಳದಲ್ಲೊಂದು ಸ್ನಾನದ ಕೊಳ
ಜರ್ಮನಿಯ ಫ್ರಾಂಕ್‌ಫರ್ಟ್‌ನ ಉತ್ತರಕ್ಕಿರುವ ಪುಟ್ಟ ಊರು ಫ್ರೀಡ್‌ಬರ್ಗ್. ಗಾಯಕ ಎಲ್ವಿಸ್ ಪ್ರೀಸ್ಲಿ ಸೈನಿಕನಾಗಿ ಸೇವೆ ಸಲ್ಲಿಸಿದ್ದು ಇಲ್ಲೇ ಎಂದು ಪ್ರವಾಸಿಗರು ಹುಡುಕಿಕೊಂಡು ಬರುತ್ತಾರೆ. ಆದರೆ ನೋಡಲೇಬೇಕಾದದ್ದು ಇಲ್ಲಿನ ನೆಲದಡಿಯಲ್ಲಿದೆ. 1260ರಲ್ಲಿ ಯಹೂದಿಗಳು ಕಟ್ಟಿಸಿದ ‘ಮಿಕ್ವೆ’ ಎಂಬ ಶುದ್ಧೀಕರಣ ಸ್ನಾನದ ಕೊಳವದು. ಆಳ ಸುಮಾರು 25 ಮೀಟರ್! ಚೌಕಾಕಾರದ ಬಾವಿಯ ಗೋಡೆಗಂಟಿದ 70ಕ್ಕೂ ಹೆಚ್ಚು ಮೆಟ್ಟಿಲಿಳಿದರೆ ತಣ್ಣನೆಯ ನೀರು. ಇಷ್ಟು ಆಳ ಯಾಕೆ? ಸೇದಿ ತುಂಬಿಸಿದ ನೀರು ಈ ಸ್ನಾನಕ್ಕೆ ಸಲ್ಲದು. ಮಳೆ ನೀರೋ, ಚಿಲುಮೆಯೋ, ಅಂತರ್ಜಲವೋ ತಾನಾಗಿಯೇ ಬಂದು ನಿಲ್ಲಬೇಕು. ಅಂತರ್ಜಲ ಸಿಗುವವರೆಗೂ ಅಗೆದರು, ಅಷ್ಟೆ. ಒಳಗಿನ ಕಂಬಗಳ ಕುಸುರಿಯಂತೂ ಯಾವುದೇ ಚರ್ಚಿಗೆ ಕಡಿಮೆಯಿಲ್ಲ. 1938ರ ನವೆಂಬರ್‌ನಲ್ಲಿ ನಾಜಿಗಳ ದಾಳಿಗೆ ಊರಿನ ಯಹೂದಿ ಪ್ರಾರ್ಥನಾ ಮಂದಿರ (ಸಿನಗಾಗ್) ನಾಶವಾಯಿತು, ಕೊಳ ಉಳಿಯಿತು. ಈಗಲೂ ಇಳಿದು ನೋಡಬಹುದು.