ಹಸಿರು ದೀಪದ ಚಿಂತೆ: ಆಫೀಸಿನ ಕಣ್ಗಾವಲು ಮತ್ತು ನಾವು

ವೆಸ್ಟೆರಾಸ್: ಹಬ್ಬ, ಪಿಕ್‌ನಿಕ್, ಮಕ್ಕಳ ಕನ್ನಡ ತರಗತಿಗಳ ಸುದ್ದಿ ಬರುವ ಈ ಅಂಕಣದಲ್ಲಿ ಈ ಸಲ ಸ್ವಲ್ಪ ಬೇರೆ ವಿಷಯ. ಓದಿ, ಉಪಯೋಗವೆನಿಸಿದರೆ ಸ್ನೇಹಿತರಿಗೂ ತಿಳಿಸಿ.

ಯುಗಾದಿಗೆ ಮುಂಚಿನ ಒಂದು ಶುಕ್ರವಾರ ಮಧ್ಯಾಹ್ನ. ಹಬ್ಬದ ಅಡುಗೆಯ ಪಟ್ಟಿ ಮಾಡಲು ನಾವು ನಾಲ್ಕು ಜನ ಸ್ನೇಹಿತರೊಬ್ಬರ ಮನೆಯಲ್ಲಿ ಸೇರಿದ್ದೆವು. ಅವರಿಗೆ ಅಂದು ಮನೆಯಿಂದಲೇ ಕೆಲಸ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಹೋಳಿಗೆ ಎಷ್ಟು ಬೇಕೆಂದು ಲೆಕ್ಕ ಹಾಕುತ್ತಲೇ ಮೂರು ನಿಮಿಷಕ್ಕೊಮ್ಮೆ ಮೌಸನ್ನು ಅಲುಗಾಡಿಸುತ್ತಿದ್ದರು. "ಏನ್ರೀ ಅದು, ನೊಣ ಓಡಿಸ್ತಾ ಇದ್ದೀರಾ?" ಎಂದು ಕೇಳಿದೆವು. "ಟೀಮ್ಸ್‌ನ ಹಸಿರು ದೀಪ ಹಳದಿ ಆಗಬಾರದು ಕಣ್ರೀ. ಮೊನ್ನೆ ಹೊಸ ಮ್ಯಾನೇಜರು, ನೀವು ಮಧ್ಯಾಹ್ನ ಬಹಳ ಹೊತ್ತು ಹಳದಿ ಇದ್ದಿರಿ ಅಂದ್ರು" ಎಂದರು. ನಾವು ನಕ್ಕೆವು. ಅವರ ಮನೆಯವರು ನಗಲಿಲ್ಲ. "ಮಗೂನ ಶಾಲೆಯಿಂದ ಕರ್ಕೊಂಡು ಬರೋದನ್ನೂ ಬಿಟ್ಟಿದ್ದಾರೆ. ಬಚ್ಚಲಿಗೆ ಲ್ಯಾಪ್‌ಟಾಪ್ ತಗೊಂಡು ಹೋಗೋದೊಂದು ಬಾಕಿ" ಎಂದರು. ನಮ್ಮ ನಗು ಅಲ್ಲಿಗೇ ನಿಂತಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಎಲ್ಲರಿಗೂ ಗೊತ್ತು. ಈಗ ಕದಿಯದವರೂ ಹೆಗಲು ಮುಟ್ಟಿಕೊಳ್ಳುವ ಕಾಲ ಬಂದಿದೆ!

ನಾವೂ ಮಾಡಿದ ತಪ್ಪು

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡು ಬಿಡುತ್ತೇವೆ. ಸ್ವೀಡನ್ನಿಗೆ ಬರುವ ಮೊದಲು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಗ, ಬಾಗಿಲಲ್ಲಿ ಕಾರ್ಡ್ ಸ್ವೈಪ್ ಮಾಡಿದ ಸಮಯ ಕೂಡಿಸಿ, ದಿನಕ್ಕೆ ಒಂಬತ್ತು ಗಂಟೆ ಆಗದವರ ಹೆಸರನ್ನು ಕೆಂಪಕ್ಷರದಲ್ಲಿ ತೋರಿಸುವ ವರದಿಯನ್ನು ಬರೆದುಕೊಟ್ಟವರು ನಾವೇ. ಎರಡು ದಿನದ ಕೆಲಸ. ಆ ತಿಂಗಳು ಕೆಂಪಾದ ಹೆಸರುಗಳಲ್ಲಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದ ಸಹೋದ್ಯೋಗಿಯೊಬ್ಬರದೂ ಇತ್ತು. ನಮ್ಮ ವರದಿಯಲ್ಲಿ ಕಾರಣ ಬರೆಯಲು ಕಾಲಂ ಇರಲಿಲ್ಲ. ಇರಬೇಕೆಂದು ನಮಗೆ ಹೊಳೆದೂ ಇರಲಿಲ್ಲ.

ಕಾಫಿ ತೋಟದ ರೈಟರು ಚೆಕ್‌ರೋಲಿನಲ್ಲಿ ಹಾಜರಿ ಹಾಕುವಾಗ ಆಳಿನ ಮುಖವನ್ನಾದರೂ ನೋಡುತ್ತಿದ್ದರು. ಯಂತ್ರ ನೋಡುವುದು ಸಮಯವನ್ನು ಮಾತ್ರ.

ಕಂಪನಿಗೆ ಏನೇನು ಕಾಣುತ್ತದೆ?

ಹೆದರಿಸಲು ಹೇಳುತ್ತಿಲ್ಲ, ತಿಳಿದಿರಲಿ ಎಂದು ಹೇಳುತ್ತೇವೆ. ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮೇಲ್, ಚಾಟ್, ಫೈಲು, ನೋಡಿದ ವೆಬ್ ವಿಳಾಸ, ವಿಪಿಎನ್ ಸೇರಿದ ಸಮಯ, ಕೋಡ್ ಚೆಕ್-ಇನ್ ಮಾಡಿದ ಗಳಿಗೆ ಎಲ್ಲವೂ ಎಲ್ಲೋ ಒಂದು ಕಡೆ ದಾಖಲಾಗಬಲ್ಲದು. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ನಿಮ್ಮ ಮನೆಯವರಿಂದ ಮರೆಮಾಡಬಹುದು, ಕಂಪನಿಯ ನೆಟ್‌ವರ್ಕಿನಿಂದಲ್ಲ. ಇವುಗಳಲ್ಲಿ ಬಹುಪಾಲು ದಾಖಲೆ ಇರುವುದು ವೈರಸ್, ಕಳ್ಳತನ ತಡೆಯಲು. ಅದು ನ್ಯಾಯವೇ. ಭದ್ರತೆಗೆಂದು ಕೂಡಿಟ್ಟ ದಾಖಲೆ ಒಂದು ದಿನ ನಿಮ್ಮ ಸಂಬಳದ ಮಾತುಕತೆಗೆ ಬಂದಾಗ ತೊಂದರೆ ಶುರುವಾಗುತ್ತದೆ.

ಟೀಮ್ಸ್ ದೀಪದ ವಿಷಯ ಕೇಳಿ. ಐದು ನಿಮಿಷ ಮೌಸ್ ಕೀಬೋರ್ಡ್ ಮುಟ್ಟದಿದ್ದರೆ ಅದು ಹಳದಿಯಾಗುತ್ತದೆ. ಕಾಗದದ ಮೇಲೆ ಡಿಸೈನ್ ಬರೆಯುತ್ತಾ ಕುಳಿತ ಎಂಜಿನಿಯರ್ ಹಳದಿ, ಸುಮ್ಮನೆ ಮೌಸ್ ಅಲುಗಾಡಿಸುವವ ಹಸಿರು! ಇದೇ ಮೈಕ್ರೋಸಾಫ್ಟ್ 2020ರಲ್ಲಿ 'ಪ್ರೊಡಕ್ಟಿವಿಟಿ ಸ್ಕೋರ್' ಎಂಬ ಸೌಲಭ್ಯದಲ್ಲಿ ಒಬ್ಬೊಬ್ಬ ನೌಕರರ ಲೆಕ್ಕವನ್ನೂ ಹೆಸರು ಸಮೇತ ತೋರಿಸಲು ಹೋಗಿ, ಗದ್ದಲವಾದ ಮೇಲೆ ಅದೇ ಡಿಸೆಂಬರಿನಲ್ಲಿ ಹೆಸರುಗಳನ್ನು ತೆಗೆಯುವುದಾಗಿ ಹೇಳಿತು.

ಮೌಸ್ ತಾನೇ ಅಲುಗಾಡುವ ಪುಟ್ಟ ಯಂತ್ರಗಳೂ ಸಿಗುತ್ತವೆ. ಆದರೆ ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಕೀಬೋರ್ಡ್ ಬಳಸುತ್ತಿರುವಂತೆ ನಟಿಸಿದರೆಂದು ಹನ್ನೆರಡಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಈ ದಾರಿ ಬೇಡ.

ನಮ್ಮೂರಲ್ಲಿ ಹುಟ್ಟಿದ ಕಂಪನಿಯ ಪಾಠ

ಎಚ್ ಆ್ಯಂಡ್ ಎಮ್ ಬಟ್ಟೆ ಅಂಗಡಿ ಯಾರಿಗೆ ಗೊತ್ತಿಲ್ಲ? ಅದರ ಮೊದಲ ಅಂಗಡಿ 'ಹೆನ್ನೆಸ್' ಎಂಬ ಹೆಸರಿನಲ್ಲಿ 1947ರಲ್ಲಿ ತೆರೆದದ್ದು ನಮ್ಮ ವೆಸ್ಟೆರಾಸ್‌ನಲ್ಲೇ. ಈ ಕಂಪನಿಯ ಜರ್ಮನಿಯ ನ್ಯೂರೆಂಬರ್ಗ್ ಸೇವಾ ಕೇಂದ್ರದಲ್ಲಿ ಕಡೇಪಕ್ಷ 2014ರಿಂದ ಒಂದು ಪದ್ಧತಿ ನಡೆದಿತ್ತು. ರಜೆ ಅಥವಾ ಕಾಯಿಲೆ ಮುಗಿಸಿ ಬಂದವರೊಡನೆ ಮೇಲಿನವರು 'ಮತ್ತೆ ಸ್ವಾಗತ' ಎಂದು ಕುಶಲ ಕೇಳುವರು. ಆಮೇಲೆ ಕೇಳಿದ್ದನ್ನೆಲ್ಲ ಬರೆದಿಡುವರು! ಯಾವ ಕಾಯಿಲೆ, ಸಂಸಾರದಲ್ಲಿ ಏನು ತಾಪತ್ರಯ, ಯಾವ ದೇವರ ನಂಬಿಕೆ ಎಲ್ಲ ಅದರಲ್ಲಿತ್ತು. ಐವತ್ತರಷ್ಟು ಮ್ಯಾನೇಜರುಗಳು ಇದನ್ನು ಓದಬಹುದಾಗಿತ್ತು.

2019ರ ಅಕ್ಟೋಬರಿನಲ್ಲಿ ಕಂಪ್ಯೂಟರ್ ವ್ಯವಸ್ಥೆಯ ಒಂದು ತಪ್ಪಿನಿಂದ ಆ ಕಡತ ಕೆಲವು ಗಂಟೆ ಇಡೀ ಕಂಪನಿಗೆ ಕಾಣಿಸಿಕೊಂಡಿತು. ಸುಮಾರು 60 ಗಿಗಾಬೈಟ್ ಮಾಹಿತಿ! 2020ರ ಅಕ್ಟೋಬರಿನಲ್ಲಿ ಹ್ಯಾಂಬರ್ಗಿನ ಮಾಹಿತಿ ಸಂರಕ್ಷಣಾ ಪ್ರಾಧಿಕಾರ 3 ಕೋಟಿ 53 ಲಕ್ಷ ಯೂರೋ ದಂಡ ಹಾಕಿತು. ಕಂಪನಿ ಕ್ಷಮೆ ಕೇಳಿ, ನೌಕರರಿಗೆ ಪರಿಹಾರ ಕೊಡಲು ಒಪ್ಪಿತು.

ನಮ್ಮ ವರದಿಯಲ್ಲಿ ಕಾರಣದ ಕಾಲಂ ಇರಲಿಲ್ಲವೆಂದು ಮೇಲೆ ಕೊರಗಿದೆವಲ್ಲ, ಇಲ್ಲಿ ಬರೀ ಕಾರಣಗಳ ಕಾಲಂಗಳೇ! ಕಾಲಂ ಹೆಚ್ಚಾದರೆ ನ್ಯಾಯ ಹೆಚ್ಚಾಗುವುದಿಲ್ಲ. ಏನನ್ನು ಬರೆದುಕೊಳ್ಳುತ್ತಾರೆ, ಏಕೆ, ಯಾರು ಓದುತ್ತಾರೆ ಎಂಬುದು ಮೊದಲೇ ಎಲ್ಲರಿಗೂ ಗೊತ್ತಿರಬೇಕು.

ಇಲ್ಲಿನ ಕಾನೂನು

ಮಾಹಿತಿ ಸಂರಕ್ಷಣೆಗೆ ಜಗತ್ತಿನಲ್ಲೇ ಮೊದಲು ರಾಷ್ಟ್ರಮಟ್ಟದ ಕಾನೂನು ತಂದ ದೇಶ ಸ್ವೀಡನ್, 1973ರಲ್ಲಿ. ಈಗ ನಡೆಯುವುದು 2018ರ ಮೇ 25ರಿಂದ ಯುರೋಪಿಯನ್ ಒಕ್ಕೂಟದಲ್ಲೆಲ್ಲ ಜಾರಿಗೆ ಬಂದ ಜಿಡಿಪಿಆರ್. ಕಂಪನಿ ನೌಕರರ ಮೇಲೆ ಕಣ್ಣಿಡುವುದನ್ನು ಅದು ಪೂರ್ತಿ ನಿಷೇಧಿಸುವುದಿಲ್ಲ. ಉದ್ದೇಶ ಸ್ಪಷ್ಟವಾಗಿರಬೇಕು, ಮುಂಚಿತವಾಗಿ ತಿಳಿಸಬೇಕು, ಅಗತ್ಯಕ್ಕಿಂತ ಹೆಚ್ಚು ಕೂಡಿಡಬಾರದು ಎನ್ನುತ್ತದೆ.

"ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೇವಲ್ಲ" ಎನ್ನುವಿರಾ? ಸಂಬಳ ಕೊಡುವವರ ಮುಂದೆ 'ಇಲ್ಲ' ಎನ್ನುವುದು ಕಷ್ಟವಾದ್ದರಿಂದ ಅಂಥ ಒಪ್ಪಿಗೆಗೆ ಸಾಮಾನ್ಯವಾಗಿ ಬೆಲೆಯಿಲ್ಲ. ಸ್ವೀಡನ್ನಿನಲ್ಲಿ ಜಿಡಿಪಿಆರ್ ಅಡಿಯ ಮೊದಲ ದಂಡ ಬಿದ್ದದ್ದು 2019ರಲ್ಲಿ, ಶೆಲೆಫ್ತಿಯೊ ಊರಿನ ಶಾಲೆಯೊಂದು ಮುಖ ಗುರುತಿಸುವ ಕ್ಯಾಮೆರಾದಿಂದ ಮಕ್ಕಳ ಹಾಜರಿ ಹಾಕಿದ್ದಕ್ಕೆ. ಅಲ್ಲೂ ಒಪ್ಪಿಗೆ ಇತ್ತು. ಶಾಲೆಗೂ ಮಕ್ಕಳಿಗೂ ಸಮಬಲವಿಲ್ಲವೆಂದು ಅದು ನಿಲ್ಲಲಿಲ್ಲ.

ಇನ್ನೊಂದು ಮುಖ್ಯ ತೀರ್ಪು ರುಮೇನಿಯಾದ ಬರ್ಬುಲೆಸ್ಕು ಎಂಬುವರದು. ಆಫೀಸಿನ ಯಾಹೂ ಮೆಸೆಂಜರಿನಲ್ಲಿ ಸಹೋದರನ ಜೊತೆ, ಮದುವೆಯಾಗಬೇಕಿದ್ದ ಹುಡುಗಿಯ ಜೊತೆ ಆಡಿದ ಮಾತುಗಳನ್ನು ಕಂಪನಿ ಓದಿ 2007ರಲ್ಲಿ ಕೆಲಸದಿಂದ ತೆಗೆಯಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ 2017ರ ಸೆಪ್ಟೆಂಬರ್ 5ರಂದು ಅವರ ಪರವಾಗಿ ತೀರ್ಪು ಕೊಟ್ಟಿತು. ಕಣ್ಗಾವಲಿನ ಬಗ್ಗೆ ಮುಂಚಿತವಾಗಿ ತಿಳಿಸಲಾಗಿತ್ತೇ, ಅಷ್ಟು ಓದುವ ಅಗತ್ಯವಿತ್ತೇ ಎಂದು ಅವರ ದೇಶದ ನ್ಯಾಯಾಲಯಗಳು ಸರಿಯಾಗಿ ನೋಡಲಿಲ್ಲವೆಂದಿತು. ಆಫೀಸಿನ ಬಾಗಿಲು ದಾಟಿದ ಮಾತ್ರಕ್ಕೆ ಖಾಸಗಿ ಬದುಕು ಸೊನ್ನೆಯಾಗುವುದಿಲ್ಲ ಎಂಬುದು ಇದರ ಸಾರ.

ಹಾಗಾದರೆ ಏನು ಮಾಡಬೇಕು?

1. ಖಾಸಗಿ ವಿಷಯಗಳನ್ನು ಕಂಪನಿ ಲ್ಯಾಪ್‌ಟಾಪಿನಿಂದ ದೂರ ಇಡಿ. ಬ್ಯಾಂಕು, ಡಾಕ್ಟರ ಕಾಗದ, ಊರಿನ ಆಸ್ತಿ ಪತ್ರಗಳಿಗೆ ಸ್ವಂತ ಫೋನು ಸಾಕು. ಮುನಿಸಿಪಾಲಿಟಿಯಂಥ ಸರ್ಕಾರಿ ಸಂಸ್ಥೆಯಲ್ಲಿ ಇರುವವರು ಇನ್ನೂ ಜೋಪಾನ. ಅಲ್ಲಿನ ಎಷ್ಟೋ ಮೇಲ್‌ಗಳು ಸಾರ್ವಜನಿಕ ದಾಖಲೆಗಳಾಗಿ, ಕೇಳಿದವರಿಗೆ ಸಿಗಬಹುದು.

2. ಕಂಪನಿಯ ಐಟಿ ನಿಯಮಗಳನ್ನು ಒಮ್ಮೆ ಪೂರ್ತಿ ಓದಿ. ಸ್ವೀಡಿಷ್‌ನಲ್ಲಿದ್ದರೆ ಇಂಗ್ಲಿಷಿನಲ್ಲಿ ವಿವರಿಸಲು ಕೇಳಿ. ನಾಚಿಕೆ ಬೇಡ.

3. ಯೂನಿಯನ್ ಸೇರಿ. ನಮ್ಮಲ್ಲಿ ಯೂನಿಯನ್ ಎಂದರೆ ಮುಷ್ಕರ, ಘೋಷಣೆ ಎಂಬ ಕಲ್ಪನೆ. ಇಲ್ಲಿ ಎಂಜಿನಿಯರುಗಳಿಗೆ 'ಸ್ವೇರಿಯೆಸ್ ಇಂಜೆನ್ಯೋರೆರ್', ಆಫೀಸು ನೌಕರರಿಗೆ 'ಯೂನಿಯೊನೆನ್' ಇವೆ. 1977ರಿಂದ ಜಾರಿಯಲ್ಲಿರುವ ಎಂಬಿಎಲ್ ಎಂಬ ಸಹನಿರ್ಧಾರ ಕಾಯಿದೆಯಂತೆ, ಸಾಮೂಹಿಕ ಒಪ್ಪಂದವಿರುವ ಕಂಪನಿ ಮುಖ್ಯ ಬದಲಾವಣೆ ನಿರ್ಧರಿಸುವ ಮೊದಲೇ ಯೂನಿಯನ್ನನ್ನು ಮಾತುಕತೆಗೆ ಕರೆಯಬೇಕು. ಕೊನೆಯ ತೀರ್ಮಾನ ಸಾಮಾನ್ಯವಾಗಿ ಕಂಪನಿಯದೇ. ಆದರೆ ಗುಟ್ಟಾಗಿ ಮಾಡುವಂತಿಲ್ಲ.

4. ನಿಮ್ಮ ಬಗ್ಗೆ ಏನು ಬರೆದಿಟ್ಟಿದ್ದಾರೆಂದು ಕೇಳಿ. ಜಿಡಿಪಿಆರ್‌ನ 15ನೇ ವಿಧಿ ಆ ಹಕ್ಕು ಕೊಟ್ಟಿದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು, ಶುಲ್ಕವಿಲ್ಲ.

5. ಯಾವುದಕ್ಕೂ ಜಗ್ಗದಿದ್ದರೆ ಐಎಂವೈ ಎಂಬ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಪೂರ್ತಿ ಹೆಸರು ಹೇಳಲು ನಮಗಿನ್ನೂ ನಾಲಿಗೆ ಹೊರಳಿಲ್ಲ!

ಸ್ನೇಹಿತರ ಕಥೆ ಏನಾಯಿತು?

ವರ್ಕ್ ಪರ್ಮಿಟ್ ಮೇಲೆ ಬಂದವರಿಗೆ ಪ್ರಶ್ನೆ ಕೇಳುವುದೆಂದರೆ ಅನ್ನದ ತಟ್ಟೆಯನ್ನೇ ತಳ್ಳಿದಂತೆ ಎನಿಸುತ್ತದೆ. ಮನೆ ಸಾಲ, ಮಗುವಿನ ಶಾಲೆ ಎಲ್ಲವೂ ಕಣ್ಣೆದುರು ಬರುತ್ತವೆ. ಆ ಭಯ ನಮಗೂ ಗೊತ್ತು. ನಮ್ಮ ಸ್ನೇಹಿತರು ತಿಂಗಳು ಯೋಚಿಸಿ, ಯೂನಿಯನ್ ಪ್ರತಿನಿಧಿಯ ಜೊತೆ ಕುಳಿತು ಎರಡೇ ಸಾಲಿನ ಮೇಲ್ ಬರೆದರು: ನನ್ನ ಕೆಲಸದ ಸಮಯದ ಬಗ್ಗೆ ಯಾವ ಮಾಹಿತಿ ಇಟ್ಟಿದ್ದೀರಿ, ಯಾವ ಉದ್ದೇಶಕ್ಕೆ?

ಮೂರು ವಾರಕ್ಕೆ ಉತ್ತರ ಬಂತು. ಕಂಪನಿ ಯಾವ ಕಣ್ಗಾವಲು ಸಾಫ್ಟ್‌ವೇರನ್ನೂ ಹಾಕಿರಲಿಲ್ಲ. ಆ ಮ್ಯಾನೇಜರ್ ತಾವೇ ದೀಪ ನೋಡಿಕೊಂಡು ತಮ್ಮ ಎಕ್ಸೆಲ್ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು! ಆ ಹಾಳೆಯನ್ನು ಅಳಿಸಿ ಹಾಕಿಸಲಾಯಿತು. ಕೆಲವು ವಾರ ಇಬ್ಬರ ನಡುವೆ ಮಾತು ಬಿಗಿಯಾಗಿಯೇ ಇತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಈಗ ಸಂಜೆ ನಾಲ್ಕಕ್ಕೆ ದೀಪ ಹಳದಿಯಾಗುತ್ತದೆ, ಅವರು ಮಗಳನ್ನು ಕರೆತರಲು ಹೋಗಿರುತ್ತಾರೆ.

ಕೊನೆಗೊಂದು ಮಾತು. ನಮ್ಮಲ್ಲಿ ಹಲವರು ಇಲ್ಲಿ ಕುಳಿತು ಬೆಂಗಳೂರಿನ ತಂಡಗಳನ್ನು ನಡೆಸುತ್ತೇವೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆದರೂ ಭಾರತದ 2023ರ ಕಾಯಿದೆ ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆಯಿಲ್ಲದೆಯೂ ನೌಕರರ ಮಾಹಿತಿ ಬಳಸಲು ದಾರಿ ಬಿಟ್ಟಿದೆ. ಅಲ್ಲಿನ ಹುಡುಗ ಹುಡುಗಿಯರಿಗೆ ನಮ್ಮಷ್ಟು ರಕ್ಷಣೆಯಿಲ್ಲ. ಮೌಸ್ ಅಲುಗಾಡಿಸುತ್ತ ಕುಳಿತವರು ಅವರಲ್ಲೂ ಇರಬಹುದು. ಅವರ ದೀಪ ಹಳದಿಯಾದಾಗ ನಾವು ಏನು ಕೇಳುತ್ತೇವೆ?

ಕೆಲಸ ಆಯಿತೇ ಎಂದು ಕೇಳೋಣ. ಎಲ್ಲಿದ್ದೆ ಎಂದು ಕೇಳುವುದನ್ನು ಬಿಡೋಣ.

ಸಿರಿಗನ್ನಡಂ ಗೆಲ್ಗೆ!