ಮಳೆಗಾಲದಲ್ಲಿ ಮನೆಗೂ ಉಸಿರು ಬೇಕು
ಮಳೆ ಶುರುವಾದರೆ ಕರಾವಳಿಯ ಮನೆಗಳಲ್ಲಿ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಅಡುಗೆಯ ಹಬೆ, ಸ್ನಾನದ ಆವಿ, ಒಳಗೇ ಒಣಹಾಕಿದ ಬಟ್ಟೆಯ ತೇವ ಹೊರಹೋಗದೆ ಗೋಡೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಅಸ್ತಮಾ ಇರುವ ಮಕ್ಕಳಿಗೆ ಅದು ಕೆಮ್ಮು, ಉಬ್ಬಸ ಹೆಚ್ಚಿಸುತ್ತದೆ.

ಮಳೆ ಬಿಟ್ಟಾಗ ಎದುರುಬದುರು ಕಿಟಕಿಗಳನ್ನು ಸ್ವಲ್ಪ ಹೊತ್ತು ತೆರೆದಿಡಿ. ಅಡುಗೆ ಮುಗಿದ ಬಳಿಕವೂ ಎಕ್ಸಾಸ್ಟ್ ಫ್ಯಾನ್ ಕೆಲ ನಿಮಿಷ ಓಡಲಿ. ನೆನೆದ ಚಾಪೆ, ಹಾಸಿಗೆಗಳನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿ.

ಎಸಿ ಇರುವ ಕೋಣೆಯ ಬಾಗಿಲು, ಕಿಟಕಿಗಳ ಸಂದು ಮುಚ್ಚಿ, 24 ಡಿಗ್ರಿಗೆ ಇಟ್ಟರೆ ವಿದ್ಯುತ್ ಉಳಿಯುತ್ತದೆ. ಆದರೆ ಗ್ಯಾಸ್ ಉರಿಯುವಲ್ಲಿ ಗಾಳಿಕಿಂಡಿಯನ್ನು ಎಂದೂ ಮುಚ್ಚಬೇಡಿ. ಗ್ಯಾಸ್ ಗೀಸರ್ ಬಚ್ಚಲುಮನೆಯ ಹೊರಗಿರಲಿ. ಗಾಳಿ ಸಾಲದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವವನ್ನೇ ತೆಗೆಯಬಲ್ಲದು. ಸ್ನಾನದ ವೇಳೆ ತಲೆನೋವು, ತಲೆಸುತ್ತು ಬಂದರೆ ತಕ್ಷಣ ಹೊರಬನ್ನಿ.